ರಾಜಣ್ಣ ಮೇಸ್ತ್ರಿ ಮಗಳಿಗೆ ಕೊಡಿಸಿದ ಕಂಪ್ಯೂಟರ್

ಕುದೇರಿನ ರಾಜಣ್ಣ ಮೇಸ್ತ್ರಿ ಯಾವ ಸಾಮಾನನ್ನೂ ಮುಟ್ಟಿ ನೋಡದೆ ಕೊಂಡವನಲ್ಲ. ಇಟ್ಟಿಗೆಯಾದರೆ ಎರಡನ್ನು ಒಂದಕ್ಕೊಂದು ಬಡಿದು ಸದ್ದು ಕೇಳುತ್ತಾನೆ. ಮರಳಾದರೆ ಅಂಗೈಯಲ್ಲಿ ಉಜ್ಜಿ, ಎಷ್ಟು ಮಣ್ಣು ಅಂಟಿತು ಎಂದು ನೋಡುತ್ತಾನೆ. ಸಿಮೆಂಟ್ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಳಗೆ ತಣ್ಣಗಿದ್ದರೆ ಮಾತ್ರ ತಲೆಯಾಡಿಸುತ್ತಾನೆ. ಮನೆ ಕಟ್ಟಿಸುವವರಿಗೆ ಈ ಪರೀಕ್ಷೆಗಳನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿಯುತ್ತದೆ, ಆದರೂ ಮುಂದಿನ ಮನೆಗೆ ಅವನನ್ನೇ ಕರೆಯುತ್ತಾರೆ. ಇಂಥ ಮನುಷ್ಯ, ಬಡಿದರೂ ಉಜ್ಜಿದರೂ ಏನೂ ತಿಳಿಯದ ಏಳೆಂಟು ಸಾಮಾನುಗಳನ್ನು ಮಗಳ ಜೊತೆ ಕೂತು ಎರಡು ವರ್ಷ ಆರಿಸಿದ. ಅವನ ಬದುಕಿನಲ್ಲಿ ಅದಕ್ಕಿಂತ ಸುಖದ ದಿನಗಳು ಇರಲಿಲ್ಲ. ಅವನ ಕಥೆ ಹೇಳುವುದಾದರೆ ಅಲ್ಲಿಂದಲೇ ಹೇಳಬೇಕು.

ಮಗಳು ಭವ್ಯ. ಒಬ್ಬಳೇ ಮಗಳು. ಸಂತೇಮರಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಚಾಮರಾಜನಗರಕ್ಕೆ ಹೋಗಿ ಡಿಗ್ರಿ ಓದುತ್ತಿದ್ದಳು. ಹುಡುಗಿಗೆ ಒಂದು ಹುಚ್ಚಿತ್ತು. ಫೋನಿನಲ್ಲಿ ಓಡಿ, ಅಡಗಿ, ಗುಂಡು ಹಾರಿಸುವ ಆಟ ಆಡುವುದು. ಇಂಥ ಹುಚ್ಚು ಗಂಡುಮಕ್ಕಳಿಗೆ ಬಂದರೆ ಊರು ನಕ್ಕು ಸುಮ್ಮನಾಗುತ್ತದೆ, ಹೆಣ್ಣುಮಗಳಿಗೆ ಬಂದರೆ ತಾಯಿಗೆ ಹೇಳಿ ಹೋಗಲು ನಾಲ್ಕು ಜನ ಬರುತ್ತಾರೆ. ಬಂದರು ಕೂಡ. ತಾಯಿ ನೀಲಾವತಿ ಬೈದಳು, ಫೋನು ಕಿತ್ತಿಟ್ಟಳು, ಕಡೆಗೆ ಬೇಸತ್ತು ಬಿಟ್ಟಳು. ರಾಜಣ್ಣ ಮಾತ್ರ ಒಂದು ದಿನವೂ ಬೈಯಲಿಲ್ಲ. ಏಳನೇ ಕ್ಲಾಸಿಗೇ ಸ್ಲೇಟು ಬಿಟ್ಟು ಗಾರೆಯ ಬಾಂಡ್ಲಿ ಹೊತ್ತವನು ಅವನು. ಆಟ ಎನ್ನುವುದು ಹೇಗಿರುತ್ತದೆ ಎಂದು ನೋಡುವುದಕ್ಕೇ ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಸಂಜೆ ಕೆಲಸದಿಂದ ಬಂದು, ಸ್ನಾನ ಮಾಡಿ, ಜಗಲಿಯ ಮೇಲೆ ಮಗಳ ಪಕ್ಕ ಕೂತು, ಅವಳ ಹೆಗಲ ಮೇಲಿಂದ ಆ ಪುಟ್ಟ ಪರದೆಯನ್ನು ನೋಡುತ್ತಿದ್ದ. ಏನೂ ಅರ್ಥವಾಗುತ್ತಿರಲಿಲ್ಲ. ಮಗಳ ಮುಖ ನೋಡಿದರೆ ಎಲ್ಲವೂ ತಿಳಿಯುತ್ತಿತ್ತು.

ಆ ಫೋನು ಕಾವಲಿಯಂತೆ ಕಾಯುತ್ತಿತ್ತು, ಬೇಕಾದ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಒಂದು ದಿನ ಭವ್ಯ ತನಗೆ ಕಂಪ್ಯೂಟರ್ ಬೇಕು ಎಂದಳು. ಓದುವುದಕ್ಕಾ ಎಂದು ರಾಜಣ್ಣ ಕೇಳಿದ.

“ಅಲ್ಲ ಕಣಪ್ಪ. ಆಟ ಆಡಕ್ಕೆ. ನಿನ್ ತಾವು ಯಾಕೆ ಸುಳ್ಳೇಳ್ಲಿ.”

ರಾಜಣ್ಣನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಅಲ್ಲೇ ಆಗಲಿ ಎಂದುಬಿಟ್ಟ. ಹೆಂಡತಿಗೆ ಮಾತ್ರ ಓದುವುದಕ್ಕೆ ಎಂದೇ ಹೇಳಿದ. ಸುಳ್ಳು ಹೇಳುವ ಕೆಲಸವನ್ನು ಮಗಳ ಬದಲು ತಾನು ವಹಿಸಿಕೊಂಡ, ಅಷ್ಟೆ.

ಜೋಡಿಸಿಟ್ಟ ಕಂಪ್ಯೂಟರ್ ಕೊಂಡರೆ ದುಡ್ಡು ದಂಡ, ಬಿಡಿ ಸಾಮಾನು ತಂದು ತಾನೇ ಕೂಡಿಸುತ್ತೇನೆ ಎಂದಳು ಭವ್ಯ. ಅಲ್ಲಿಗೆ ಅದು ರಾಜಣ್ಣನ ಕಸುಬಿನ ಮಾತಾಯಿತು. ಕಟ್ಟಿದ ಮನೆ ಕೊಳ್ಳುವವರನ್ನು ಕಂಡರೆ ಮೊದಲಿಂದಲೂ ಅವನಿಗೆ ಅಷ್ಟಕ್ಕಷ್ಟೆ. ಅಂದಿನಿಂದ ಸಂಜೆಯ ಜಗಲಿಯಲ್ಲಿ ಬೇರೆ ಮಾತೇ ಇಲ್ಲ. ಮದರ್‌ಬೋರ್ಡ್ ಎಂದರೆ ಪಾಯ ಎಂದು ಮಗಳು ಹೇಳಿದಳು. ಮುಂದೆ ಇನ್ನೊಂದು ಅಂತಸ್ತು ಎತ್ತುವ ಹಾಗೆ ಕಂಬಿ ಬಿಟ್ಟಿದ್ದಾರಾ ಎಂದು ಇವನು ಕೇಳಿದ. ಭವ್ಯ ಒಂದು ಕ್ಷಣ ಅಪ್ಪನ ಮುಖ ನೋಡಿ, ಹೌದು, ಆಮೇಲೆ ಬೇಕಾದರೆ ಹೆಚ್ಚಿಗೆ ಸಿಕ್ಕಿಸಲು ಜಾಗ ಇರುವಂಥದ್ದನ್ನೇ ತೆಗೆದುಕೊಳ್ಳಬೇಕು ಎಂದಳು. ಅವಳ ದನಿಯಲ್ಲಿದ್ದ ಮೆಚ್ಚುಗೆಗೆ ರಾಜಣ್ಣ ಆ ರಾತ್ರಿ ಒಂದು ಮುದ್ದೆ ಹೆಚ್ಚಿಗೆ ಉಂಡ.

ರ‍್ಯಾಮ್ ಹದಿನಾರು ಜಿಬಿಯದು ಒಂದು ಬೇಡ, ಎಂಟರದು ಎರಡು ಬೇಕು ಎಂದು ಮಗಳು ಹೇಳಿದರೆ, ಒಬ್ಬನ ತಲೆ ಮೇಲೆ ಹೊರಿಸುವುದಕ್ಕಿಂತ ಇಬ್ಬರು ಹೊತ್ತರೆ ಕೆಲಸ ಬೇಗ ಸಾಗುತ್ತದೆ ಎಂದು ಅವನೇ ಮಾತು ಮುಗಿಸುತ್ತಿದ್ದ. ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಯಲ್ಲಿ ದುಡ್ಡು ಉಳಿಸೋಣ ಎಂದು ನೀಲಾವತಿ ಒಮ್ಮೆ ಬಾಯಿ ಹಾಕಿದಾಗ ಅಪ್ಪ ಮಗಳು ಇಬ್ಬರೂ ಒಟ್ಟಿಗೇ ಅವಳ ಮೇಲೆ ಬಿದ್ದರು. ಅದು ಕೆಟ್ಟರೆ ಉಳಿದದ್ದನ್ನೆಲ್ಲ ಸುಟ್ಟುಕೊಂಡೇ ಹೋಗುವುದು ಎಂದಳು ಮಗಳು. ಮಳೆಯಿಂದಾಗಿ ಕೆಲಸವಿಲ್ಲದ ಒಂದು ದಿನ ರಾಜಣ್ಣ ಚಾಮರಾಜನಗರದ ಅಂಗಡಿಗೆ ಹೋಗಿ, ಅಂಥ ನಾಲ್ಕು ಡಬ್ಬಿ ತೆಗೆಸಿ, ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದ. ಎಲ್ಲಕ್ಕಿಂತ ತೂಕವಾಗಿದ್ದದ್ದನ್ನು ತೋರಿಸಿ, ಇದೇ ಒಳ್ಳೆಯದು ಎಂದ. ಅಂಗಡಿಯವರು ನಕ್ಕರು. ಮನೆಗೆ ಬಂದು ಹೇಳಿದಾಗ ಭವ್ಯ ನಗಲಿಲ್ಲ, ಒಳಗಿನ ಮಾಲು ಕಳಪೆಯಾದರೆ ಹಗುರವಾಗಿಯೇ ಇರುವುದು ಕಣಪ್ಪ ಎಂದಳು. ಅವಳು ಎರಡು ತಿಂಗಳು ವಿಡಿಯೋ ನೋಡಿ ಆರಿಸಿದ್ದೂ ಅದನ್ನೇ.

ಜಗಳವಾಗಿದ್ದು ಇವನ್ನೆಲ್ಲ ಒಳಗೆ ಕೂಡಿಸುವ ಕ್ಯಾಬಿನೆಟ್ ವಿಷಯಕ್ಕೆ. ಇಷ್ಟೆಲ್ಲ ಕಷ್ಟಪಟ್ಟು ಒಳಗೆ ಕೂಡಿಸಿದ ಮೇಲೆ ಕಾಣಬೇಡವೇ, ಗಾಜಿನದೇ ಇರಲಿ, ಬಣ್ಣದ ಲೈಟು ಇರಲಿ ಎಂದು ರಾಜಣ್ಣನ ಹಟ. ಗಾಜು ಮುಚ್ಚಿದರೆ ಗಾಳಿಯಾಡುವುದಿಲ್ಲ, ಮುಂದೆ ಜಾಲರಿ ಇರುವ ಕರೀ ಡಬ್ಬಿ ಸಾಕು, ಲೈಟಿನ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸೋಣ ಎಂದು ಭವ್ಯ. ಎರಡು ದಿನ ಮಾತು ಬಿಟ್ಟರು. ಕಿಟಕಿಯಿಲ್ಲದ ಅಡುಗೆಮನೆ ಕಟ್ಟಿಕೊಡುತ್ತೀಯಾ ಎಂದು ಮೂರನೇ ದಿನ ಅವಳು ಕೇಳಿದಳು. ಮೇಸ್ತ್ರಿ ಸೋತ. ಮಗಳ ಕೈಯಲ್ಲಿ ಸೋಲುವುದು ಅವನಿಗೆ ಹಬ್ಬದೂಟದಷ್ಟೇ ಇಷ್ಟವಾಗಿತ್ತು.

ಹೀಗೆ ಎರಡು ವರ್ಷ. ಒಂದು ತಿಂಗಳು ಕಾರ್ಡಿನ ಬೆಲೆ ಏರುವುದು, ಇನ್ನೊಂದು ತಿಂಗಳು ಅವಳು ಬಯಸಿದ್ದ ಪ್ರೊಸೆಸರ್ ಅಂಗಡಿಗೆ ಬರುವುದೇ ನಿಲ್ಲುವುದು, ಮತ್ತೆ ಎಲ್ಲವನ್ನೂ ಹೊಂದಿಸುವುದು. ಕಡೆಗೆ ಸಂತೇಮರಹಳ್ಳಿಯಲ್ಲಿ ಒಂದು ದೊಡ್ಡ ಮನೆಯ ಕೆಲಸ ಮುಗಿದು ಕೈಗೆ ಒಟ್ಟಿಗೆ ದುಡ್ಡು ಬಂತು. ಅದೇ ತಿಂಗಳಲ್ಲಿ ಬೇಗೂರಿನಿಂದ ಭವ್ಯಳಿಗೆ ಸಂಬಂಧವೂ ಬಂತು.

ಹುಡುಗ ಪ್ರದೀಪ್. ಗುಂಡ್ಲುಪೇಟೆಯಲ್ಲಿ ಒಂದು ಆಫೀಸಿನಲ್ಲಿ ಸಂಬಳದ ಕೆಲಸ, ಬೇಗೂರಿನಲ್ಲಿ ಹೆದ್ದಾರಿಗೆ ಹತ್ತಿರ ಸ್ವಂತ ಮನೆ, ಮನೆಯಲ್ಲಿ ತಾಯಿ ನಾಗರತ್ನ ಬಿಟ್ಟರೆ ಬೇರೆ ಯಾರಿಲ್ಲ. ಕುಡಿಯುವವನಲ್ಲ, ಬೀಡಿ ಸೇದುವವನಲ್ಲ, ಒಂದು ರೂಪಾಯಿ ಕೇಳಲಿಲ್ಲ. ಮನೆಯ ಗೋಡೆಗಳನ್ನು ರಾಜಣ್ಣ ತಟ್ಟಿ ನೋಡಿದ, ಗಟ್ಟಿಯಾಗಿದ್ದವು. ಅವನು ಅಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ್ದು ಗೋಡೆಗಳನ್ನು ಮಾತ್ರ. ಭವ್ಯಳನ್ನು ಕೇಳಿದಾಗ ಅವಳು ತಲೆ ತಗ್ಗಿಸಿ, ನಿನ್ನಿಷ್ಟ ಕಣಪ್ಪ ಎಂದಳು. ಕ್ಯಾಬಿನೆಟ್ಟಿಗೆ ಎರಡು ದಿನ ಜಗಳವಾಡಿದ ಹುಡುಗಿ ಗಂಡನ ವಿಷಯಕ್ಕೆ ಒಂದು ನಿಮಿಷವೂ ಜಗಳವಾಡಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮದುವೆ ಗೊತ್ತಾದ ಗಡಿಬಿಡಿಯಲ್ಲಿ ಯಾವ ತಂದೆಗೂ ಅನ್ನಿಸುವುದಿಲ್ಲ ಎಂದು ಹೇಳಿ ಅವನನ್ನು ಬಿಟ್ಟುಬಿಡಬಹುದು, ಆದರೆ ರಾಜಣ್ಣ ಇವತ್ತಿಗೂ ತನ್ನನ್ನು ತಾನು ಬಿಟ್ಟಿಲ್ಲ.

ಕೊಟ್ಟ ಮಾತನ್ನಂತೂ ಉಳಿಸಿಕೊಂಡ. ಮದುವೆಗೆ ಹದಿನೈದು ದಿನ ಇರುವಾಗ ಅಪ್ಪ ಮಗಳು ಚಾಮರಾಜನಗರಕ್ಕೆ ಹೋಗಿ ಅಷ್ಟೂ ಸಾಮಾನು ತಂದರು. ಬಸ್ಸಿನಲ್ಲಿ ಭವ್ಯ ಮದರ್‌ಬೋರ್ಡಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರ ಮೊಣಕೈಯೂ ತಾಗದ ಹಾಗೆ ಎರಡೂ ಕೈಯಿಂದ ಅಪ್ಪಿಕೊಂಡು ಬಂದಳು. ಈಗಲೇ ಕೂಡಿಸಿ ನೋಡುತ್ತೇನೆ ಎಂದು ಕುಣಿದಳು. ಬೇಡ, ಛತ್ರದಲ್ಲಿ ಡಬ್ಬ ಹೊಸದಾಗಿಯೇ ಇರಬೇಕು ಎಂದು ರಾಜಣ್ಣ ತಡೆದ. ಆಗ ಅವಳ ಮುಖ ಕಂದಿತು.

“ಛತ್ರದಲ್ಲಿ ಮಡಗಬ್ಯಾಡ ಕಣಪ್ಪ. ಅಲ್ಲಿ ಮಡಗಿದ್ರೆ ಅದು ನಂದಾಗಲ್ಲ, ಅವರದಾಗೋಯ್ತದೆ. ಇಲ್ಲೇ ಇರ್ಲಿ. ನಾನು ಬಂದಾಗ ಆಡ್ಕತೀನಿ.”

ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಕೊಡುವ ಮಂಚ, ಬೀರು, ಪಾತ್ರೆಪಗಡವನ್ನೆಲ್ಲ ಛತ್ರದ ಒಂದು ಮೂಲೆಯಲ್ಲಿ ಸಾಲಾಗಿ ಜೋಡಿಸಿಡುವುದುಂಟು. ಬಂದವರು ಊಟಕ್ಕೆ ಹೋಗುವ ಮೊದಲು ಒಂದು ಸುತ್ತು ಹಾಕಿ, ಯಾರು ಎಷ್ಟು ಕೊಟ್ಟರು ಎಂದು ನೋಡಿಕೊಂಡು ಹೋಗುತ್ತಾರೆ. ಮಗಳು ಆಯ್ಕೆ ಮಾಡಿದ ಸಾಮಾನನ್ನು ನೆಂಟರಿಷ್ಟರೆಲ್ಲ ನೋಡಲಿ, ಗಾರೆ ಕೆಲಸದವನ ಮಗಳು ಕಂಪ್ಯೂಟರ್ ತೆಗೆದುಕೊಂಡು ಹೋದಳು ಎನ್ನಲಿ, ಇಷ್ಟೇ ಅವನಿಗಿದ್ದ ಆಸೆ. ಮಗಳಿಗೆಂದು ತಂದದ್ದನ್ನು ತವರಿನಲ್ಲೇ ಇಟ್ಟುಕೊಂಡರೆ ಜನ ಏನೆಂದಾರು ಎಂಬ ಅಳುಕೂ ಸೇರಿತ್ತು. ಭವ್ಯಳ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಚ್ಚಿ, ನಿನ್ನದು ಹೆಂಗೆ ಬೇರೆಯವರದಾದಾತು ಎಂದು ನಕ್ಕ.

ಮದುವೆಯ ದಿನ ಮಂಚ, ಬೀರು, ಹಿತ್ತಾಳೆ ಕೊಳಗ, ಅವುಗಳ ಪಕ್ಕದಲ್ಲಿ ಎಂಟು ಡಬ್ಬಗಳು. ಧಾರೆ ಮುಗಿದ ಮೇಲೆ ಬೀಗರ ಕಡೆಯವರೊಬ್ಬರು ಮೈಕು ಹಿಡಿದು ಉಡುಗೊರೆಗಳನ್ನು ಕೂಗುತ್ತಾ ಬಂದರು. ಡಬ್ಬಗಳ ಹತ್ತಿರ ನಿಂತು, ಹೆಣ್ಣಿನ ತಂದೆ ರಾಜಣ್ಣನವರು ಅಳಿಯಂದಿರಿಗೆ ಪ್ರೀತಿಯಿಂದ ಕೊಡುತ್ತಿರುವ ಕಂಪ್ಯೂಟರ್ ಎಂದು ಕೂಗಿದರು. ಅಳಿಯಂದಿರಿಗೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಛತ್ರದಲ್ಲಿ ಹಾಗೇ ಕೂಗುವುದು ರೂಢಿ, ಆ ಮನುಷ್ಯ ರೂಢಿಯ ಮಾತು ಕೂಗಿದ. ಜನ ಚಪ್ಪಾಳೆ ಹೊಡೆದರು. ಪ್ರದೀಪ್ ಮಂಟಪದಿಂದಲೇ ಮಾವನಿಗೆ ಕೈ ಮುಗಿದ. ಅವನ ಪಕ್ಕ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಭವ್ಯ ತಲೆ ಎತ್ತಿ ಅಪ್ಪನ ಕಡೆ ನೋಡಿದಳು. ನಾಲ್ಕು ಹೆಜ್ಜೆ ಹೋಗಿ, ಅಳಿಯನಿಗಲ್ಲ ಸ್ವಾಮಿ, ನನ್ನ ಮಗಳಿಗೆ ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ರಾಜಣ್ಣ ಹೋಗಲಿಲ್ಲ. ಚಪ್ಪಾಳೆ ಸದ್ದಿಗೆ ಉಬ್ಬಿ, ಅವನೂ ಅಳಿಯನಿಗೆ ಕೈ ಮುಗಿದ.

ಬೇಗೂರಿನ ಮನೆಯಲ್ಲಿ ಅದನ್ನು ಕೂಡಿಸಿದ್ದು ಭವ್ಯಳೇ. ಬೇರೆ ಯಾರಿಗೂ ಬರುತ್ತಿರಲಿಲ್ಲ. ನೆಲದ ಮೇಲೆ ಬೆಡ್‌ಶೀಟ್ ಹಾಸಿಕೊಂಡು, ಕೈಬಳೆ ತೆಗೆದಿಟ್ಟು ಅರ್ಧ ದಿನ ಕೂತಳಂತೆ. ಪ್ರದೀಪ್ ಪಕ್ಕದಲ್ಲಿ ನಿಂತು ಫೋಟೋ ತೆಗೆದು, ನನ್ನ ಹೆಂಡತಿ ಎಂದು ನಾಲ್ಕು ಜನಕ್ಕೆ ಕಳಿಸಿದನಂತೆ. ಅವನು ಕೆಟ್ಟವನಲ್ಲ, ಅದನ್ನು ಮರೆಯಬಾರದು. ಮೊದಲ ತಿಂಗಳು ಗಂಡ ಹೆಂಡತಿ ಇಬ್ಬರೂ ಸರದಿಯಂತೆ ಆಡಿದರು. ಅವನಿಗೆ ಆಟ ಕಲಿಸಿದವಳೂ ಅವಳೇ. ಆಮೇಲೆ ಭಾನುವಾರಗಳಂದು ಪ್ರದೀಪನ ಆಫೀಸಿನ ಗೆಳೆಯರು ಬರತೊಡಗಿದರು. ಆಟದಲ್ಲಿ ಯಾರು ಹೆಚ್ಚು ಜನರನ್ನು ಹೊಡೆಯುತ್ತಾರೆ ಎಂದು ಪಂದ್ಯ ಕಟ್ಟಿದರು. ಭವ್ಯ ಮೂರು ಭಾನುವಾರ ಅವರೆಲ್ಲರನ್ನೂ ಸೋಲಿಸಿದಳು, ಗಂಡನನ್ನು ಎಲ್ಲರಿಗಿಂತ ಮೊದಲು ಸೋಲಿಸಿದಳು. ಗೆಳೆಯರು ಪ್ರದೀಪನನ್ನು ಛೇಡಿಸಿದರು, ಆಫೀಸಿನಲ್ಲೂ ಛೇಡಿಸಿದರು. ಮೂರನೆಯ ಭಾನುವಾರದ ನಂತರ ಅವನು ನಾಲ್ಕು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಮಾತು ಬಿಟ್ಟ. ಗಂಡಸರ ನಡುವೆ ಕೂತು ಕಿರುಚಾಡುವ ಸೊಸೆ ಬೇಗೂರಿನಲ್ಲಿ ಇನ್ನೊಬ್ಬಳಿಲ್ಲ ಎಂದು ನಾಗರತ್ನ ಒಂದೇ ಮಾತು ಅಂದರು. ಅಲ್ಲಿಂದ ಭವ್ಯ ಆಡುವುದು ನಿಂತಿತು. ಇದನ್ನೆಲ್ಲ ಅವಳು ತಾಯಿಗೆ ಫೋನಿನಲ್ಲಿ ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದ್ದಳು. ಕೆಲಸದ ಜಾಗಕ್ಕೆ ಬುತ್ತಿ ತಂದ ನೀಲಾವತಿ ಅದನ್ನು ಗಂಡನಿಗೆ ಹೇಳಿದಾಗ, ಗೋಡೆಗೆ ಗಾರೆ ಎಸೆಯುತ್ತಿದ್ದವನು ಕರಣೆ ಕೆಳಗಿಟ್ಟ.

ಮುಂದಿನ ಭಾನುವಾರ ರಾಜಣ್ಣ ಬೇಗೂರಿಗೆ ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಅದು ನನ್ನ ಮಗಳದು. ಅವಳು ಆರಿಸಿದ್ದು. ಅವಳಿಗೆಂದೇ ತಂದದ್ದು. ಅವಳು ಆಡುವಂತಿಲ್ಲ ಎಂದರೆ ನಾನು ಅದನ್ನು ಊರಿಗೆ ತೆಗೆದುಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ಕೂತು ಹೇಳಿಕೊಂಡಾಗ ಮಾತುಗಳು ಚೆನ್ನಾಗಿಯೇ ಇದ್ದವು.

ಮನೆ ಮುಟ್ಟಿದರೆ ಅಳಿಯ ಎದ್ದು ಬಂದು ಕಾಲು ಮುಟ್ಟಿದ. ನಾಗರತ್ನ ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಬೀಗರು ಬಂದಿದ್ದಾರೆ ಎಂದು ಕೋಳಿ ತಂದರು. ಇಷ್ಟು ಮರ್ಯಾದೆ ಮಾಡುವವರ ಮುಂದೆ ಆ ಮಾತು ಎತ್ತುವುದು ಹೇಗೆ. ನಡುಮನೆಯ ಮೂಲೆಯಲ್ಲಿ ಕಂಪ್ಯೂಟರ್ ಇತ್ತು, ಅದರ ಮುಂದೆ ಪ್ರದೀಪನ ಇಬ್ಬರು ಗೆಳೆಯರಿದ್ದರು. ಪರದೆ ಆಗಾಗ ತಡವರಿಸಿ ನಿಲ್ಲುತ್ತಿದೆ, ಏನಾಗಿದೆಯೋ ಎಂದು ಅವರಲ್ಲೊಬ್ಬ ಗೊಣಗಿದ. ಮುಂದಿನ ಜಾಲರಿಗೆ ಧೂಳು ಕಟ್ಟಿದೆ, ಒರೆಸಿದರೆ ಸರಿಯಾಗುತ್ತದೆ ಎಂದು ಅಡುಗೆಮನೆಯಿಂದ ಭವ್ಯಳ ದನಿ ಬಂತು. ಅವಳು ಅಲ್ಲಿ ಮಸಾಲೆ ರುಬ್ಬುತ್ತಿದ್ದಳು, ನೋಡಲು ಬಂದಿರಲಿಲ್ಲ. ಫ್ಯಾನಿನ ಸದ್ದು ಕೇಳಿಯೇ ಹೇಳಿದ್ದಳು.

ಊಟವಾದ ಮೇಲೆ ಬಾಯಿಪಾಠ ಮಾಡಿದ್ದರಲ್ಲಿ ಒಂದೂ ನೆನಪಿಗೆ ಬರದೆ, ಬೇರೆ ಏನೋ ಹೇಳಿದ.

“ಅಳಿಯಂದ್ರೇ, ಭವ್ಯನೂ ಒಂದಾಟ ಆಡ್ಲಿ. ನಾನು ನೋಡಿ ಬಾಳ ದಿನ ಆಯ್ತು.”

ಯಾರೂ ಬೇಡ ಎನ್ನಲಿಲ್ಲ. ಪ್ರದೀಪ್ ತಾನೇ ಎದ್ದು, ಬಾ ಭವ್ಯ, ಮಾವ ಆಸೆಪಡ್ತಾ ಇದ್ದಾರೆ ಎಂದು ಕುರ್ಚಿ ಬಿಟ್ಟುಕೊಟ್ಟ. ಅವಳು ಬೇಡ ಎಂದಳು, ಕೆಲಸ ಇದೆ ಎಂದಳು. ಎಲ್ಲರೂ ಒತ್ತಾಯ ಮಾಡಿದ ಮೇಲೆ ಕೈ ಒರೆಸಿಕೊಂಡು ಬಂದು ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೌಸ್ ಮೇಲೆ ಕೈ ಇಟ್ಟಳು. ಮೊದಲ ಅರ್ಧ ನಿಮಿಷ ಆ ಕೈಗಳು ಜಗಲಿಯ ಮೇಲಿನ ಹುಡುಗಿಯ ಕೈಗಳೇ ಆಗಿದ್ದವು. ಒಬ್ಬನನ್ನು ಹೊಡೆದಳು, ತಿರುಗಿ ಇನ್ನೊಬ್ಬನನ್ನು ಹೊಡೆದಳು. ಗೆಳೆಯರಲ್ಲೊಬ್ಬ ಅಬ್ಬಾ ಎಂದ. ಆ ಅಬ್ಬಾ ಕಿವಿಗೆ ಬಿದ್ದದ್ದೇ ಅವಳು ಒಂದು ಗಳಿಗೆ ಹಿಂತಿರುಗಿ ಗಂಡನ ಮುಖ ನೋಡಿದಳು. ಆಮೇಲೆ ಆಟದೊಳಗಿನ ಅವಳ ಆಳು ಗೋಡೆಯ ಮರೆ ಬಿಟ್ಟು ಬಯಲಿನ ನಡುವೆ ಬಂದು ನಿಂತ. ಗುಂಡು ಬಿತ್ತು. ಪರದೆ ಕೆಂಪಾಯಿತು.

“ಕೈ ತಪ್ಪೋಯ್ತು,” ಎಂದು ಭವ್ಯ ನಕ್ಕಳು.

ಮದುವೆಯಾದ ಮೇಲೆ ಹೀಗೇ ಮಾವ ಎಂದು ಪ್ರದೀಪ್ ನಕ್ಕ. ಗೆಳೆಯರು ನಕ್ಕರು, ನಾಗರತ್ನ ನಕ್ಕರು. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ರಾಜಣ್ಣನೂ ನಕ್ಕ. ಆಟದ ವಿಷಯ ಅವನಿಗೆ ಆಗಲೂ ತಿಳಿಯದು, ಈಗಲೂ ತಿಳಿಯದು. ಆದರೆ ಮಗಳ ವಿಷಯ ಗೊತ್ತಿತ್ತು. ಊರಿನಲ್ಲಿ ಸೋತ ದಿನ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಟ್ಟೆ ದೂಡಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಸೋತು ನಕ್ಕದ್ದನ್ನು ಅವನು ಒಂದು ಸಲವೂ ಕಂಡಿರಲಿಲ್ಲ. ಈ ನಗೆಯನ್ನು ಅವಳು ಈ ಮನೆಗೆ ಬಂದ ಮೇಲೆ ಕಲಿತಿದ್ದಳು, ಈ ಮನೆ ಆರಿಸಿದವನು ಅವನು.

ಸಂಜೆ ಬಸ್ಸು ಹತ್ತಿಸಲು ಭವ್ಯ ಹೆದ್ದಾರಿಯವರೆಗೆ ಬಂದಳು. ಅಮ್ಮನ ಕಾಲುನೋವು ಹೇಗಿದೆ ಎಂದು ಅವಳು ಕೇಳಿದಳು. ಪರವಾಗಿಲ್ಲ ಎಂದ. ಬಸ್ಸು ದೂರದಲ್ಲಿ ಕಂಡಾಗ ಅವಳು ಅವನ ಕಡೆ ನೋಡದೆ ಹೇಳಿದಳು.

“ಅಪ್ಪ, ಇನ್ನೊಂದ್ ದಪ ಅವರ ಮುಂದೆ ಆಡು ಅನ್ಬ್ಯಾಡ. ಬೇಕೂಂತ ಸೋಲಕ್ಕೆ ಬಾಳ ಕಷ್ಟ ಆಯ್ತದೆ ಕಣಪ್ಪ.”

ರಾಜಣ್ಣನಿಗೆ ಬಾ, ಮನೆಗೆ ಹೋಗನ ಎನ್ನಬೇಕೆನ್ನಿಸಿತು. ಈಗಲೇ, ಇದೇ ಬಸ್ಸಿಗೆ, ಉಟ್ಟ ಸೀರೆಯಲ್ಲೇ. ಆದರೆ ಯಾವ ಕಾರಣ ಹೇಳಿ ಕರೆದುಕೊಂಡು ಹೋಗುವುದು. ಹೊಡೆದರೇ, ಬಡಿದರೇ, ಉಪವಾಸ ಕೆಡವಿದರೇ. ಮಗಳನ್ನು ಆಟ ಆಡಲು ಬಿಡಲಿಲ್ಲ ಎಂದು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ.

“ಇಲ್ಲ ಕಣವ್ವ, ಇನ್ನು ಅನ್ನಲ್ಲ,” ಎಂದ.

ಗೆಳೆಯರಿಗೆ ಕಾಫಿಯ ಹೊತ್ತಾಗಿತ್ತು. ಬಸ್ಸು ಹೊರಡುವ ಮೊದಲೇ ಅವಳು ತಿರುಗಿ ಮನೆಯ ಕಡೆ ನಡೆದಳು. ಅವನು ಹತ್ತಿದಾಗ ಆ ಬದಿಯ ಕಿಟಕಿ ಸಿಗಲಿಲ್ಲ, ಎದ್ದು ನಿಂತು ಬಗ್ಗಿ ನೋಡುವಷ್ಟರಲ್ಲಿ ಅವಳು ಅಂಗಡಿ ಸಾಲಿನ ಹಿಂದೆ ಮರೆಯಾಗಿದ್ದಳು. ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದ. ರಾಜಣ್ಣ ಟವೆಲನ್ನು ಮುಖದಿಂದ ತೆಗೆಯದೆಯೇ ಒಂದು ನೋಟನ್ನು ಮುಂದೆ ಚಾಚಿದ.